ಬೆನ್ನು ಮುಂದೆ ಮಾಡ್ಕೊಂಡು ಬರೋರು

ಈ ತಿಂಗಳ ಪತ್ರಗಳನ್ನ ಬಿಚ್ಚಿ ನೋಡಿದ್ರೆ ಎಲ್ಲಾ ನೀರಿನ ಪ್ರಶ್ನೆಗಳೇ, ಅದೂ ಇಂಗ್ಲೆಂಡಿನ ನೀರಿಂದು. ನ್ಯಾರೋಬೋಟ್‌ಗೂ ರೋಯಿಂಗ್‌ನವರಿಗೂ, ಅಂದ್ರೆ ಹುಟ್ಟು ಹಾಕಿ ರೇಸಿನ ದೋಣಿ ಓಡಿಸೋರಿಗೂ, ಆಗೋ ತಿಕ್ಕಾಟದ್ದು. ನ್ಯಾರೋಬೋಟ್ ಅಂದ್ರೆ ಏನು ಅಂತ ಗೊತ್ತಿಲ್ಲದವರಿಗೆ ಮೊದ್ಲೇ ಹೇಳ್ಬಿಡ್ತೀನಿ. 7 ಅಡಿಗೂ ಒಂಚೂರು ಕಮ್ಮಿ ಅಗಲ, ಉದ್ದ ಮಾತ್ರ 70 ಅಡಿವರೆಗೂ ಇರೋ ಉಕ್ಕಿನ ದೋಣಿ. ಹಿಂದೆ ಕಲ್ಲಿದ್ದಲು ಗಿಲ್ಲಿದ್ದಲು ಸಾಗಿಸ್ತಿದ್ದ ಕಾಲುವೆಗಳ ಸಣ್ಣ ಲಾಕ್‌ನಲ್ಲಿ (ನೀರು ತುಂಬಿಸಿ ಇಳಿಸಿ ದೋಣೀನ ಮೇಲಿನ ಮಟ್ಟಕ್ಕೋ ಕೆಳಗಿನ ಮಟ್ಟಕ್ಕೋ ದಾಟಿಸೋ ಬಾಗಿಲಿನ ತೊಟ್ಟಿ) ಹಿಡೀಲಿ ಅಂತ ಆ ಅಳತೆ. ಈಗ ಒಳಗೆ ಅಡುಗೆಮನೆ, ಹಾಸಿಗೆ, ಬಚ್ಚಲು ಎಲ್ಲಾ ಮಾಡಿ ರಜಕ್ಕೆ ಬಾಡಿಗೆಗೆ ಕೊಡ್ತಾರೆ, ಕೆಲವರು ಅದರಲ್ಲೇ ಸಂಸಾರ ಹೂಡಿದಾರೆ. ಹಿಂದಿನ ತುದೀಲಿ ನಿಂತು ಚುಕ್ಕಾಣಿ ಹಿಡಿದು ಓಡಿಸೋದು, ಸ್ಪೀಡು ವಾಕಿಂಗ್ ಹೋಗೋರಿಗಿಂತ ಒಂದ್ ಹೆಜ್ಜೆ ಜಾಸ್ತಿ. ನಾನೂ ಇನ್ನಿಬ್ಬರ ಜೊತೆ ಸೇರಿ ಅಂಥದ್ದೊಂದನ್ನ ಇಟ್ಕೊಂಡು ಕೆಲವು ವರ್ಷ ಆಯ್ತು, ಆ ಧೈರ್ಯದ ಮೇಲೆ ಉತ್ತರ ಬರೀತಿದೀನಿ.

ಪ್ರಶ್ನೆ: ನಾವು ರೆಡಿಂಗ್‌ನಲ್ಲಿದೀವಿ. ಮೇ ಕೊನೇಲಿ ಹಾಸನದಿಂದ ನಮ್ಮತ್ತೆ ಮಾವ ಬರ್ತಿದಾರೆ, ಹೋದ ಸಲ ಕಾರಲ್ಲಿ ಸುತ್ತಿ ಸುತ್ತಿ ಅವರಿಗೆ ಸಾಕಾಗಿತ್ತು ಅಂತ ಈ ಸಲ ಒಂದು ವಾರ 57 ಅಡಿ ನ್ಯಾರೋಬೋಟ್ ಬುಕ್ ಮಾಡಿದೀವಿ. ಆಕ್ಸ್‌ಫರ್ಡ್ ಕಾಲುವೆಯಿಂದ ಥೇಮ್ಸ್‌ಗೆ ಇಳಿದು ಆಬಿಂಗ್ಡನ್‌ವರೆಗೆ ಹೋಗಿ ಬರೋ ಪ್ಲಾನು. ಕಾಲುವೆ ಅಭ್ಯಾಸ ಇದೆ, ಎರಡು ಸಲ ಹೋಗಿದೀವಿ. ಆದ್ರೆ ನಮ್ಮ ಸ್ನೇಹಿತರು ಅದೇ ದಾರೀಲಿ ಹೋದಾಗ ರೋಯಿಂಗ್ ಹುಡುಗರು ಎದುರು ಬಂದು, ಇವರು ಗಾಬರಿಯಾಗಿ ಪಕ್ಕಕ್ಕೆ ತಿರುಗಿಸಿ, ದಡದ ಮೇಲೆ ಸೈಕಲ್‌ನಲ್ಲಿದ್ದವನೊಬ್ಬ ಮೈಕ್ ಹಿಡ್ಕೊಂಡು ಬೈದನಂತೆ. ಅವರಿಗೆ ನಾವು ದಾರಿ ಬಿಡಬೇಕಾ, ನಮಗೆ ಅವರು ಬಿಡಬೇಕಾ? ಅತ್ತೆಗೆ ಈ ಕಥೆ ಕೇಳಿದಾಗಿಂದ ನಿದ್ದೆ ಇಲ್ಲ.
— ಹೆಸರು ಬೇಡ ಅಂದಿದಾರೆ, ರೆಡಿಂಗ್

ಉತ್ತರ: ಮೊದ್ಲು ಅತ್ತೆಯವರಿಗೆ ಹೇಳಿ, ಮುಳುಗೋ ಭಯ ಇರಬೇಕಾದ್ದು ಆ ಹುಡುಗರಿಗೆ, ನಿಮಗಲ್ಲ. ನಿಮ್ಮ ದೋಣಿ ಸುಮಾರು 15ರಿಂದ 20 ಟನ್ ಉಕ್ಕು. ಅವರದ್ದು ಎಂಟು ಜನ ಕೂತ್ಕೊಳ್ಳೋ 60 ಅಡಿ ಉದ್ದದ ದೋಣಿ, ಖಾಲಿ ತೂಕ 100 ಕೆಜಿ ಆಸುಪಾಸು, ನೀರಿಂದ ಅಂಚಿಗೆ ಒಂದು ಗೇಣೂ ಇರಲ್ಲ. ಎದುರಾಬದುರಾ ತಾಗಿದ್ರೆ ನಿಮಗೆ ಒಳಗೆ ಕಾಫಿ ಲೋಟ ಅಲ್ಲಾಡತ್ತೆ, ಅವರ ಹತ್ತಾರು ಸಾವಿರ ಪೌಂಡಿನ ದೋಣಿ ಹಪ್ಪಳ ಆಗತ್ತೆ.

ಇನ್ನು ಯಾರು ಯಾರಿಗೆ ದಾರಿ ಬಿಡಬೇಕು ಅನ್ನೋದು. ಸಾಮಾನ್ಯವಾಗಿ ಇಂಜಿನ್ ಇರೋರು ಇಲ್ಲದವರನ್ನ ತಪ್ಪಿಸ್ಕೊಂಡು ಹೋಗಬೇಕು ಅನ್ನೋದೇ ರೂಢಿ. ಆದ್ರೆ ಅದಕ್ಕಿಂತ ಮುಂಚೆ ಇನ್ನೊಂದು ಅರ್ಥ ಆಗಬೇಕು, ಅದು ಅರ್ಥ ಆದ್ರೆ ಅರ್ಧ ಕೆಲಸ ಮುಗೀತು. ನಮ್ಮ ಕಾವೇರೀಲಿ ಹರಿಗೋಲು ಹಾಕೋ ಅಂಬಿಗನನ್ನ ನೆನಪು ಮಾಡ್ಕೊಳ್ಳಿ, ಮುಂದೆ ಮುಖ ಮಾಡಿ ಕೂತಿರ್ತಾನೆ, ಹೋಗೋ ದಿಕ್ಕಿನ ನೀರನ್ನೇ ಬಾಚಿ ಬಾಚಿ ಎಳ್ಕೋತಾನೆ, ಬಂಡೆ ಬಂದ್ರೆ ಅವನ ಕಣ್ಣಿಗೇ ಮೊದ್ಲು ಕಾಣೋದು. ಇಲ್ಲಿ ರೋಯಿಂಗ್ ಮಾಡೋರು ಹಾಗಲ್ಲ, ದೋಣಿ ಹೋಗೋ ಕಡೆಗೆ ಬೆನ್ನು ಹಾಕಿ ಕೂತಿರ್ತಾರೆ. ಎಂಟು ಜನರಲ್ಲಿ ಎಂಟು ಜನಾನೂ ನಿಮ್ಮನ್ನ ನೋಡಲ್ಲ. ಮುಂದೆ ನೋಡೋದು ಒಂಬತ್ತನೆಯವರು, ಕಾಕ್ಸ್ ಅಂತಾರೆ, ಚುಕ್ಕಾಣಿಯ ಹಗ್ಗ ಅವರ ಕೈಲಿ. ಅವರು ಕೂರೋದು ಹಿಂದಿನ ತುದೀಲಿ, ಕಣ್ಣ ಮುಂದೆ ಎಂಟು ದಪ್ಪ ದಪ್ಪ ಹೆಗಲು, ಹಾಗಾಗಿ ನೇರ ಮುಂದಿರೋದು ಅವರಿಗೆ ಕಾಣದೇ ಇರೋದೇ ಜಾಸ್ತಿ, ಪಕ್ಕಕ್ಕೆ ಕತ್ತು ಚಾಚಿ ನೋಡಬೇಕು. ಒಬ್ಬರೇ ಹೋಗೋ ಸಣ್ಣ ದೋಣಿ ಇರತ್ತಲ್ಲ, ಸಿಂಗಲ್ ಸ್ಕಲ್, ಅದರಲ್ಲಿ ಕಾಕ್ಸೂ ಇಲ್ಲ, ಕೆಲವು ಎಳೆತಕ್ಕೊಮ್ಮೆ ಹೆಗಲ ಮೇಲಿಂದ ತಿರುಗಿ ನೋಡ್ತಾರೆ, ಆಮೇಲೆ ಆ ಒಂದು ನೋಟದ ಮೇಲೇ ಲೆಕ್ಕ ಹಾಕ್ಕೊಂಡು ಹೋಗ್ತಿರ್ತಾರೆ.

ಆ ಲೆಕ್ಕ ತಪ್ಪಿಸಬೇಡಿ ಅಷ್ಟೇ ನಾನು ಹೇಳೋದು. ನಾವು ಬೆಂಗಳೂರಲ್ಲಿ ಗಾಡಿ ಓಡಿಸಿ ಕಲಿತೋರು, ಎದುರಿನವನ ಕಣ್ಣು ನೋಡಿ, ಅವನು ಈ ಕಡೆ ಬಂದ್ರೆ ನಾವು ಆ ಕಡೆ, ಸಂದಿ ಸಿಕ್ಕಿದ್ರೆ ನುಗ್ಗೋದು, ಕೈಯಾಡಿಸಿ ‘ಹೋಗಿ ಸಾರ್’ ಅನ್ನೋದು. ಇಲ್ಲಿ ಎದುರಿನವನ ಕಣ್ಣೇ ಆ ಕಡೆ ಇದೆ. ನೀವು ಒಳ್ಳೇ ಮನಸ್ಸಿಂದ ಪಕ್ಕಕ್ಕೆ ಸರಿದ್ರೂ ಅವನಿಗೆ ಅದು ಗೊತ್ತಾಗಲ್ಲ. ನಿಮ್ಮ ಸ್ನೇಹಿತರು ಮಾಡಿದ್ದೂ ಇದನ್ನೇ ಅನಿಸತ್ತೆ.

ನಾನೂ ಮಾಡಿದೀನಿ, ಹೇಳ್ಕೊಳ್ಳೋಕೆ ನಾಚಿಕೆ ಇಲ್ಲ. ಮೊದಲನೇ ವರ್ಷ, ಇಫ್ಲಿ ಲಾಕ್‌ನಿಂದ ಮೇಲಕ್ಕೆ ಬರ್ತಿದ್ದೆ, ಬೆಳಗ್ಗೆ ಏಳೂವರೆ ಇರಬೇಕು, ನೀರ ಮೇಲೆ ಹಬೆ ಥರ ಮಂಜು. ಎದುರುಗಡೆ ಒಬ್ಬ ಸಿಂಗಲ್ ಸ್ಕಲ್‌ನಲ್ಲಿ ಬಂದ, ವಯಸ್ಸಾದವರು, ತಿರುಗಿ ನೋಡಿದ್ರು, ನಾನು ಬಲಕ್ಕಿದ್ದೆ, ಸರಿ ಅಂತ ಮತ್ತೆ ಎಳೆಯೋಕೆ ಶುರು ಮಾಡಿದ್ರು. ನನಗೆ ಅವರ ಕಡೆ ಜಾಗ ಸಾಲಲ್ವೇನೋ ಅನಿಸಿ, ಪಾಪ, ನನ್ನ ಬಲಗಡೆಯಿಂದ ಹೋಗ್ಲಿ ಅಂತ, ಎಡಕ್ಕೆ ತಗೊಂಡೆ. ಅಷ್ಟರಲ್ಲಿ ಅವರೂ ತಮ್ಮ ದಡದ ಗಿಡದ ಕೊಂಬೆ ತಪ್ಪಿಸೋಕೆ ಅಂತ ಮಧ್ಯಕ್ಕೆ ಬಂದಿದ್ರು. ಅವರ ಹುಟ್ಟಿನ ತುದಿ ನನ್ನ ದೋಣಿಯ ಪಕ್ಕಕ್ಕೆ ಮುಂದಿಂದ ಹಿಂದಿನವರೆಗೂ ಕರ್ರ್ ಅಂತ ಕೆರ್ಕೊಂಡು ಹೋಯ್ತು, ಆ ಸದ್ದು ಈಗ್ಲೂ ಹಲ್ಲಲ್ಲಿ ಇದೆ. ಅವರು ಬೈಲಿಲ್ಲ. ನಿಲ್ಲಿಸಿ, ಉಸಿರು ತಗೊಂಡು, ‘ನೀವು ಎಲ್ಲಿದ್ರೋ ಅಲ್ಲೇ ಇದ್ದಿದ್ರೆ ಚೆನ್ನಾಗಿತ್ತು’ ಅಂದ್ರು. ಬೈದಿದ್ರೇ ವಾಸಿ ಇತ್ತು.

ಈಗ ಕೆಲಸಕ್ಕೆ ಬರೋ ಮಾತು. ರಸ್ತೇಲಿ ಇಲ್ಲೂ ಎಡ, ನಮ್ಮಲ್ಲೂ ಎಡ, ಆದ್ರೆ ನೀರಲ್ಲಿ ಬಲಕ್ಕೆ ಇರಬೇಕು, ಎದುರಿನವರು ನಿಮ್ಮ ಎಡಗಡೆಯಿಂದ ಹೋಗ್ತಾರೆ. ಗಾಬರೀಲಿ ಕೈ ತಾನಾಗಿ ಎಡಕ್ಕೆ ಹೋಗೋದು ಈ ರಸ್ತೆ ಅಭ್ಯಾಸದಿಂದಲೇ. ಅದರ ಮೇಲೆ ಚುಕ್ಕಾಣಿ ಬೇರೆ ಉಲ್ಟಾ, ಬಲಕ್ಕೆ ಹೋಗಬೇಕಂದ್ರೆ ಹಿಡಿಯನ್ನ ಎಡಕ್ಕೆ ತಳ್ಳಬೇಕು, ಕಾಲುವೇಲಿ ಓಡಿಸಿದೀರಿ ಅಂದ್ಮೇಲೆ ನಿಮಗೆ ಗೊತ್ತಿರತ್ತೆ, ಆದ್ರೆ ನಿಮ್ಮ ಮಾವನವರ ಕೈಗೆ ಕೊಟ್ಟಾಗ ಇದನ್ನ ಹೇಳೋದು ಮರೀಬೇಡಿ.

ದೂರದಲ್ಲಿ ರೋಯಿಂಗ್ ದೋಣಿ ಕಂಡ ತಕ್ಷಣ ಸ್ಪೀಡ್ ಇಳಿಸಿ. ಹತ್ತಿರ ಬಂದಮೇಲೆ ಅಲ್ಲ, ಕಂಡ ತಕ್ಷಣ. ಥೇಮ್ಸ್‌ನಲ್ಲಿ ಗಂಟೆಗೆ 8 ಕಿಲೋಮೀಟರ್ ಮಿತಿ ಇದೆ, ಆದ್ರೆ ಮಿತಿ ಒಳಗಿದ್ರೂ ಹಿಂದೆ ತಿರುಗಿ ನೋಡಿ, ನಿಮ್ಮ ಅಲೆ ದಡಕ್ಕೆ ಹೋಗಿ ಒಡೀತಾ ಇದ್ರೆ ಜಾಸ್ತಿ ಆಯ್ತು ಅಂತಲೇ ಅರ್ಥ. ಆ ಅಲೆ ನಿಮಗೆ ಲೆಕ್ಕಕ್ಕಿಲ್ಲ, ಅವರ ದೋಣಿ ಒಳಗೆ ಬಕೆಟ್ ಬಕೆಟ್ ನೀರು. ಆದ್ರೆ ಪೂರ್ತಿ ನ್ಯೂಟ್ರಲ್‌ಗೆ ಹಾಕ್ಬೇಡಿ. ಇಂಜಿನ್ನಿನ ರೆಕ್ಕೆ ತಿರುಗಿ ನೀರು ತಳ್ಳುತ್ತಾ ಇದ್ರೇನೇ ಚುಕ್ಕಾಣಿ ಮಾತು ಕೇಳೋದು, ನ್ಯೂಟ್ರಲ್‌ಗೆ ಬಿದ್ರೆ 57 ಅಡಿ ದೋಣಿ ಗಾಳಿ ಬೀಸಿದ ಕಡೆಗೆ ಅಡ್ಡ ತಿರ್ಗತ್ತೆ, ರಿವರ್ಸ್ ಹಾಕಿದ್ರೆ ಇನ್ನೂ ಚಂದ, ಹಿಂಭಾಗ ತನಗೆ ಬೇಕಾದ ಕಡೆ ಹೋಗತ್ತೆ. ಸಣ್ಣಗೆ ಗುರುಗುಟ್ಟೋ ಹಾಗೆ ಇಟ್ಕೊಂಡು, ಬಲದ ದಡ ಹಿಡ್ಕೊಂಡು, ನೇರ ಹೋಗ್ತಾ ಇರಿ. ದಡಕ್ಕೆ ಅಂಟ್ಕೊಂಡು ಹೋಗೋದೂ ಬೇಡ, ಅಲ್ಲಿ ನೀರು ಆಳ ಇರಲ್ಲ, ಕೆಸರಲ್ಲಿ ಕೂತ್ರೆ ಆಮೇಲೆ ಅದೇ ಹುಡುಗರು ನಿಮ್ಮನ್ನ ನೋಡ್ಕೊಂಡು ನಕ್ಕೊಂಡು ಹೋಗ್ತಾರೆ.

ಹಿಂದಿನಿಂದ ಬಂದ್ರೆ? ಅವರು ಪ್ರಾಕ್ಟೀಸ್‌ನಲ್ಲೂ ನಿಮ್ಮ ಎರಡರಷ್ಟು ಸ್ಪೀಡು. ನೀವು ನೇರ ಇರಿ, ಇನ್ನೊಂಚೂರು ನಿಧಾನ ಮಾಡಿ, ಎಡಗಡೆಯಿಂದ ದಾಟಿ ಹೋಗ್ತಾರೆ. ಇಲ್ಲಿ ಕೆಲವರು ಕೈಬೀಸಿ ‘ಹೋಗಿ’ ಅಂತ ಸನ್ನೆ ಮಾಡ್ತಾರೆ, ನಾನು ಮಾಡಲ್ಲ, ಮುಂದಿನ ತಿರುವಲ್ಲಿ ಏನಿದೆ ಅಂತ ನನಗೂ ಕಾಣ್ತಿಲ್ಲ ಅಂದ್ಮೇಲೆ ನಾನ್ಯಾಕೆ ಗ್ಯಾರಂಟಿ ಕೊಡ್ಲಿ. ಕಾಕ್ಸ್ ತೀರ್ಮಾನ ಕಾಕ್ಸ್‌ಗೆ ಬಿಡಿ. ಎರಡೂ ಕಡೆ ಹುಟ್ಟು ಚಾಚಿದ್ರೆ ಆ ದೋಣಿ ಅಗಲ ಹೆಚ್ಚುಕಮ್ಮಿ 20 ಅಡಿ ಆಗತ್ತೆ, ಅದು ಹೋಗೋಕೆ ಜಾಗ ಇದ್ಯಾ ಅಂತ ಅವರಿಗೇ ಚೆನ್ನಾಗಿ ಗೊತ್ತಿರತ್ತೆ.

ಪಿತ್ತ ನೆತ್ತಿಗೇರೋದು ಯಾವಾಗ ಅಂದ್ರೆ, ಹೀಗೆ ಜೋರಾಗಿ ದಾಟಿ ಹೋದವರು ಇನ್ನೂರು ಮೀಟರ್ ಮುಂದೆ ಹೋಗಿ ನಿಂತ್ಬಿಡ್ತಾರೆ, ನಿಂತು ದೋಣಿ ತಿರುಗಿಸೋಕೆ ಶುರು ಮಾಡ್ತಾರೆ. 60 ಅಡಿ ದೋಣಿ ನದಿಗೆ ಅಡ್ಡ. ಅದು ತಿರುಗೋಕೆ ಒಂದು ನಿಮಿಷಕ್ಕೂ ಮೇಲೆ ಬೇಕು. ಅವರಿಗೆ ಅದು ಪ್ರಾಕ್ಟೀಸು, ಒಂದಷ್ಟು ದೂರ ಜೋರಾಗಿ ಎಳೆದು ನಿಲ್ಲಿಸೋದೇ ಅವತ್ತಿನ ಪಾಠ. ಹಾಗಾಗಿ ಯಾರಾದ್ರೂ ನಿಮ್ಮನ್ನ ದಾಟಿದ ತಕ್ಷಣ ‘ಇವರು ಮುಂದೆ ನಿಲ್ತಾರೆ’ ಅಂತಲೇ ಅಂದ್ಕೊಂಡು ಇನ್ನಷ್ಟು ನಿಧಾನ ಮಾಡಿ.

ನಿಮ್ಮ ಮಾವನವರಿಗೆ ಒಂದು ಕೆಲಸ ಕೊಡಿ. ಚುಕ್ಕಾಣಿ ಹಿಡಿದವರು ದೋಣಿಯ ಮೂತಿಯಿಂದ ಐವತ್ತು ಅಡಿಗೂ ಹೆಚ್ಚು ಹಿಂದೆ ನಿಂತಿರ್ತಾರೆ, ಮೂತಿ ಕೆಳಗೇ ಒಂದು ಸಿಂಗಲ್ ಸ್ಕಲ್ ಇದ್ರೂ ಕಾಣಲ್ಲ. ಮಾವನವರಿಗೆ ಮುಂದೆ ಕುರ್ಚಿ ಹಾಕಿ, ಲೈಫ್ ಜಾಕೆಟ್ ಹಾಕಿ, ಕೂರಿಸಿ. ಇಂಜಿನ್ ಸದ್ದಲ್ಲಿ ಕೂಗಿದ್ರೆ ಕೇಳಲ್ಲ, ಅದಕ್ಕೆ ಕೈಸನ್ನೆ ಮೊದ್ಲೇ ಮಾತಾಡ್ಕೊಂಡಿರಿ, ಒಂದು ಕೈ ಎತ್ತಿದ್ರೆ ಏನೋ ಬರ್ತಿದೆ, ಎರಡೂ ಕೈ ಎತ್ತಿದ್ರೆ ನಿಧಾನ. ನಮ್ಮಪ್ಪ ಬಂದಾಗ ಈ ಕೆಲಸ ಕೊಟ್ಟಿದ್ದೆ, ಎರಡು ದಿನ ಆದಮೇಲೆ ಬಾತುಕೋಳಿ ಬಂದ್ರೂ ಎರಡು ಕೈ ಎತ್ತೋರು.

ದಾರಿ ಬಗ್ಗೆ. ಐಸಿಸ್ ಲಾಕ್‌ನಿಂದ ಇಳಿದು ಥೇಮ್ಸ್‌ಗೆ ಸೇರಿದ್ಮೇಲೆ ಆಸ್ನಿ ಲಾಕ್, ಆಮೇಲೆ ಫಾಲಿ ಬ್ರಿಡ್ಜ್. ಫಾಲಿ ಬ್ರಿಡ್ಜ್‌ನಿಂದ ಇಫ್ಲಿ ಲಾಕ್‌ವರೆಗಿನ ಭಾಗಾನೇ ನಿಮ್ಮ ಪ್ರಶ್ನೆ ಪೂರ್ತಿ ಇರೋ ಜಾಗ, ಯೂನಿವರ್ಸಿಟಿ ಕಾಲೇಜುಗಳ ದೋಣಿಮನೆ ಹೆಚ್ಚಿನವು ನಿಮ್ಮ ಎಡಗಡೆ ಸಾಲಾಗಿ, ಬಲಗಡೆ ದಡದ ಕಾಲುದಾರೀಲಿ ಸೈಕಲ್ ಮೇಲೆ ರೋಯಿಂಗ್ ಕೋಚ್‌ಗಳು. ಆ ಮೈಕಿನವನು ಬೈತಿರೋದು ಹೆಚ್ಚಿನ ಸಲ ತನ್ನ ಹುಡುಗರಿಗೇ, ನಾವು ನಮಗೆ ಅಂದ್ಕೋತೀವಿ. ಡಾನಿಂಗ್ಟನ್ ಬ್ರಿಡ್ಜ್ ಹತ್ತಿರ ನದಿ ಸಣ್ಣದಾಗಿ ತಿರುಗತ್ತೆ, ಅಲ್ಲಿ ಮಾತ್ರ ಮೈಯೆಲ್ಲಾ ಕಣ್ಣಾಗಿರಿ. ಇಫ್ಲಿ ದಾಟಿದ್ಮೇಲೆ ಜನ ಕಮ್ಮಿ ಆಗ್ತಾರೆ.

ಇನ್ನೊಂದು, ಇದು ಮುಖ್ಯ, ನೀವು ಹೇಳಿರೋದು ಮೇ ಕೊನೆ. ಆಕ್ಸ್‌ಫರ್ಡ್‌ನ ಸಮ್ಮರ್ ಏಯ್ಟ್ಸ್ ಅನ್ನೋ ಕಾಲೇಜು ರೇಸು ಬೇಸಿಗೆ ಟರ್ಮಿನ ಐದನೇ ವಾರ, ಬುಧವಾರದಿಂದ ಶನಿವಾರ ನಾಲ್ಕು ದಿನ ನಡೆಯತ್ತೆ, ಅದು ಬೀಳೋದೂ ಸರಿಯಾಗಿ ಅದೇ ಹೊತ್ತಿಗೆ. ರೇಸ್ ಹೊತ್ತಲ್ಲಿ ಆ ಭಾಗಕ್ಕೆ ಹೋಗೋ ಹಾಗಿಲ್ಲ. ತಾರೀಕು ಈಗ್ಲೇ ನೋಡಿ, ಆ ವಾರ ಆಗಿದ್ರೆ ಬೆಳಗ್ಗೆ ಬೇಗ ದಾಟಿಬಿಡೋ ಹಾಗೆ ಪ್ಲಾನ್ ಮಾಡಿ, ಆಸ್ನಿ ಲಾಕ್‌ನಲ್ಲಿ ಲಾಕ್ ಕೀಪರ್ ಇದ್ರೆ ಕೇಳಿ. ಅಥವಾ ಬೇಕಂತ್ಲೇ ಅವತ್ತೇ ಹೋಗಿ, ದೋಣೀನ ನದಿಯ ಮೇಲ್ಗಡೆ ಎಲ್ಲಾದ್ರೂ ಕಟ್ಟಿ, ದಡದಲ್ಲಿ ಚಿತ್ರಾನ್ನ ತಿನ್ಕೊಂಡು ರೇಸ್ ನೋಡಿ. ನಾನಾಗಿದ್ರೆ ಎರಡನೇದು ಮಾಡ್ತಿದ್ದೆ.

ಬಾಡಿಗೆಯವರ ಹತ್ರ ಎರಡು ಕೇಳಿ: ನದಿಗೆ ತಗೊಂಡು ಹೋಗೋಕೆ ಒಪ್ಪಿಗೆ ಇದ್ಯಾ, ಥೇಮ್ಸ್ ಲೈಸೆನ್ಸ್ ಸೇರಿದ್ಯಾ. ಕಾಲುವೆ ಲೈಸೆನ್ಸ್ ಕೊಡೋರು ಬೇರೆ, ಥೇಮ್ಸ್‌ಗೆ ಕೊಡೋರು ಬೇರೆ. ಲಂಗರು ಇದ್ಯಾ ಅಂತಲೂ ನೋಡಿ. ಮಳೆ ಬಂದು ಲಾಕ್‌ನಲ್ಲಿ ಕೆಂಪು ಬೋರ್ಡ್ ಹಾಕಿದ್ರೆ ಸೆಳವು ಜೋರಿದೆ ಅಂತ, ಆವಾಗ ರೋಯಿಂಗೂ ಬೇಡ, ನೀವೂ ಬೇಡ, ಕಟ್ಟಿ ಹಾಕಿ ಇಸ್ಪೀಟ್ ಆಡಿ.

ಪ್ರಶ್ನೆ: ನನ್ನ ಮಗಳು ಕೇಂಬ್ರಿಡ್ಜ್‌ನಲ್ಲಿ ಓದ್ತಿದಾಳೆ. ಅಲ್ಲಿ ಹೋಗಿ ಮೂರು ತಿಂಗಳಿಗೇ ರೋಯಿಂಗ್ ಟೀಮ್‌ನಲ್ಲಿ ಕಾಕ್ಸ್ ಅಂತ ಆಗಿದಾಳೆ. ಬೆಳಗ್ಗೆ ಆರಕ್ಕೆ ನದಿಗೆ ಇಳೀತಾಳಂತೆ, ಚಳೀಲಿ, ಕತ್ತಲಲ್ಲಿ. ಉದ್ದ ದೋಣಿ ಮನೆ ಮಾಡ್ಕೊಂಡಿರೋರು ಇವಳಿಗೆ ಬೈತಾರಂತೆ. ಇವಳೂ ವಾಪಸ್ ಬೈದಿದಾಳಂತೆ, ಅದು ನನಗೆ ಹೊಸ ವಿಷಯ. ತಪ್ಪು ಯಾರದ್ದು?
— ಒಬ್ಬ ತಾಯಿ, ಮೈಸೂರು

ಉತ್ತರ: ಅಮ್ಮಾ, ಮೊದ್ಲು ಖುಷಿ ಪಡಿ. ಎಂಟು ಜನ ಆಳೆತ್ತರದೋರು ಒಬ್ಬ ಸಣ್ಣ ಹುಡುಗಿ ಮಾತು ಕೇಳ್ಕೊಂಡು ಎಳೀತಾರೆ ಅಂದ್ರೆ ಸುಮ್ನೆ ಅಲ್ಲ. ಮನೇಲಿ ಅವಳ ಮಾತು ಯಾರೂ ಕೇಳ್ತಿರಲಿಲ್ವೇನೋ, ಈಗ ಮೈಕ್ ಕೊಟ್ಟಿದಾರೆ.

ಕೇಂಬ್ರಿಡ್ಜ್‌ನ ಕ್ಯಾಮ್ ನದಿ ಆಕ್ಸ್‌ಫರ್ಡ್‌ಗಿಂತ ಇಕ್ಕಟ್ಟು. ಜೀಸಸ್ ಲಾಕ್‌ನಿಂದ ಬೇಟ್ಸ್ ಬೈಟ್ ಲಾಕ್‌ವರೆಗೆ ಐದು ಕಿಲೋಮೀಟರ್ ಆಗಬಹುದು, ಅಷ್ಟರಲ್ಲೇ ಎಲ್ಲಾ ಕಾಲೇಜು, ಊರಿನ ಕ್ಲಬ್ಬುಗಳು, ದಡಕ್ಕೆ ಕಟ್ಟಿದ ನ್ಯಾರೋಬೋಟುಗಳು, ಓಡಾಡೋ ನ್ಯಾರೋಬೋಟುಗಳು, ಹಂಸಗಳು ಬೇರೆ, ಅವು ಯಾರ ಮಾತೂ ಕೇಳಲ್ಲ. ಒಂಬತ್ತಕ್ಕೆ ಕ್ಲಾಸ್ ಇರೋದ್ರಿಂದ ಎಲ್ಲರೂ ಇಳಿಯೋದು ಅದೇ ಮುಂಜಾನೆ ಹೊತ್ತಿಗೆ. ನಮ್ಮಲ್ಲಿ ಹಬ್ಬದ ಹಿಂದಿನ ದಿನ ದೇವರಾಜ ಮಾರ್ಕೆಟ್ ಹೆಂಗಿರತ್ತೆ ಅದನ್ನ ನೀರ ಮೇಲೆ ಇಟ್ಟ ಹಾಗೆ. ಹಾಗಾಗಿ ಬೈಗುಳ ಅಲ್ಲಿ ದಿನದ ಮಾತು, ಮನಸ್ಸಿಗೆ ಹಚ್ಕೊಳ್ಳೋ ಹಂಗಿಲ್ಲ.

ತಪ್ಪು ಯಾರದ್ದು ಅಂತ ನಾನು ಇಲ್ಲಿಂದ ಹೇಳಲ್ಲ, ಆದ್ರೆ ನ್ಯಾರೋಬೋಟ್ ಓಡಿಸೋನಾಗಿ ಅವಳಿಗೆ ಒಂದೆರಡು ಹೇಳಿ. ನ್ಯಾರೋಬೋಟ್‌ಗೆ ಬ್ರೇಕ್ ಇಲ್ಲ. ರಿವರ್ಸ್ ಹಾಕಿ, ಅದು ಗುಡುಗುಟ್ಟಿ, ನಿಲ್ಲೋ ಹೊತ್ತಿಗೆ ಒಂದೆರಡು ದೋಣಿ ಉದ್ದ ಮುಂದೆ ಬಂದಿರತ್ತೆ. ಅದಕ್ಕೇ ದೋಣಿ ತಿರುಗಿಸಬೇಕಿದ್ರೆ ನ್ಯಾರೋಬೋಟ್ ದಾಟಿ ಹೋಗಲಿ ಅಂತ ಕಾಯಿ, ಅದರ ಹಿಂದೆ ತಿರುಗಿಸು, ಮುಂದೆ ಮಾತ್ರ ಬೇಡ. ಮತ್ತೆ ಓಡಿಸೋನು ಕೈ ಎತ್ತಿದ್ರೆ ನೀನೂ ಎತ್ತು. ನಾವು ಮುದುಕರು ಅಷ್ಟಕ್ಕೇ ಕರಗಿ ಹೋಗ್ತೀವಿ.

ಚಳಿ ವಿಷಯ. ಎಳೆಯೋರಿಗೆ ಬೆವರು ಬರತ್ತೆ, ಕಾಕ್ಸ್ ಮಾತ್ರ ಅಲ್ಲಾಡದೇ ಕೂತಿರಬೇಕು, ಹುಟ್ಟಿನಿಂದ ಸಿಡಿದ ನೀರೂ ಮೈಮೇಲೆ. ದಪ್ಪ ಸಾಕ್ಸು, ಉಣ್ಣೆ ಟೋಪಿ, ಗಾಳಿ ತಡೆಯೋ ಜಾಕೆಟ್ಟು, ಇದನ್ನ ಪಾರ್ಸೆಲ್ ಮಾಡಿ, ಚಕ್ಕುಲಿ ಜೊತೆ. ಈಜು ಬರತ್ತೆ ತಾನೆ? ಕತ್ತಲಲ್ಲಿ ದೋಣಿಗೆ ಮುಂದೆ ಹಿಂದೆ ದೀಪ ಇರಬೇಕು, ಅದನ್ನ ಅವರ ಕ್ಲಬ್ಬಿನೋರೇ ನೋಡ್ಕೋತಾರೆ.

ಕೊನೇದಾಗಿ, ಮುಂದೊಂದು ದಿನ ನಿಮ್ಮ ಮಗಳನ್ನ ಎಂಟು ಜನ ಕೈಕಾಲು ಹಿಡಿದು ನದಿಗೆ ಎಸೀತಿರೋ ಫೋಟೋ ಬರಬಹುದು. ಗಾಬರಿ ಆಗ್ಬೇಡಿ. ಗೆದ್ದಾಗ ಕಾಕ್ಸ್‌ನ ನೀರಿಗೆ ಎಸೆಯೋದು ಅವರ ಸಂಪ್ರದಾಯ.

ಪ್ರಶ್ನೆ: ನಮ್ಮ ಕಾಕಾ ಲಾರಿ ಓಡಸತಿದ್ದರು, ಹಾರ್ನ್ ಹೊಡದಿಲ್ಲಂದ್ರ ಗಾಡಿ ಹೊಡಿಯಾಕ ಬರೂದಿಲ್ಲ ಅಂತ ತಿಳಿ ಅಂತಿದ್ರು. ಮೊನ್ನೆ ಅಲ್ಲಿ ನ್ಯಾರೋಬೋಟಿನ್ಯಾಗ ಹೋದಾಗ ಮುಂದ ರೋಯಿಂಗ್ ಬೋಟ್ ಬಂತು, ಹಾರ್ನ್ ಹೊಡದೆ, ಎಲ್ಲಾರೂ ಸಿಟ್ಟಿಗೆದ್ರು. ಹಾರ್ನ್ ಹೊಡದ್ರ ಏನ್ ತಪ್ಪ?
— ಧಾರವಾಡ

ಉತ್ತರ: ತಪ್ಪಿಲ್ರಿ ಸರ, ಆದ್ರೆ ನೀವು ಏನು ಹೇಳಿದ್ರಿ ಅನ್ನೋದು ನಿಮಗೆ ಗೊತ್ತಿರಬೇಕಲ್ಲ. ನೀರಲ್ಲಿ ಹಾರ್ನ್‌ಗೆ ಭಾಷೆ ಇದೆ. ಚಿಕ್ಕದು ಒಂದು ಸಲ ಹೊಡೆದ್ರೆ ನಾನು ಬಲಕ್ಕೆ ತಿರುಗ್ತಿದೀನಿ, ಎರಡು ಸಲ ಅಂದ್ರೆ ಎಡಕ್ಕೆ, ಮೂರು ಅಂದ್ರೆ ರಿವರ್ಸ್ ಹಾಕಿದೀನಿ. ಉದ್ದಕ್ಕೆ ಒಂದು ಹೊಡೆದ್ರೆ ನಾನಿಲ್ಲಿದೀನಿ, ಕಾಣದ ತಿರುವಲ್ಲೋ ಸೇತುವೆ ಹತ್ತಿರಾನೋ ಅದನ್ನ ಹೊಡೀಲೇಬೇಕು. ನೀವು ಗಾಬರೀಲಿ ಎರಡು ಸಲ ಒತ್ತಿದ್ರಿ ಅಂತ ಇಟ್ಕೊಳ್ಳಿ, ಅವರು ನೀವು ಎಡಕ್ಕೆ, ಅಂದ್ರೆ ಅವರ ಕಡೆಗೇ ಬರ್ತಿದೀರಿ ಅಂದ್ಕೊಂಡ್ರು. ಸಿಟ್ಟು ಬರದೇ ಇನ್ನೇನು.

ಕಾಕ್ಸ್ ಇಲ್ಲದ ದೋಣಿ ನೇರ ನಿಮ್ಮ ಮೂತಿಗೇ ಬರ್ತಿದ್ರೆ ಹಾರ್ನ್‌ಗಿಂತ ಬಾಯಿ ವಾಸಿ. ಜೋರಾಗಿ ‘ಅಹೆಡ್ ಸ್ಕಲ್ಲರ್’ (ಮುಂದೆ ನೋಡಪ್ಪಾ ಅಂತ) ಕೂಗಿ, ಅಲ್ಲಿನವರೆಲ್ಲಾ ಕೂಗೋದು ಅದನ್ನೇ, ತಕ್ಷಣ ತಿರುಗಿ ನೋಡ್ತಾರೆ. ಧಾರವಾಡದವರ ದನಿ ಅಂದ್ಮೇಲೆ ಆಚೆ ದಡಕ್ಕೂ ಕೇಳತ್ತೆ.

ಪ್ರಶ್ನೆ: ಬಂಪ್ಸ್ ಅಂತಾರಲ್ಲ, ದೋಣಿಗೆ ದೋಣಿ ಗುದ್ದೋ ರೇಸಂತೆ, ನಿಜಾನಾ?
— ಶಿವಮೊಗ್ಗ

ಉತ್ತರ: ನಿಜ. ನದಿ ಸಣ್ಣದು, ಪಕ್ಕ ಪಕ್ಕ ಓಡಿಸೋಕೆ ಜಾಗ ಇಲ್ಲ, ಅದಕ್ಕೆ ಒಂದರ ಹಿಂದೆ ಒಂದು ನಿಲ್ಲಿಸ್ತಾರೆ, ಮಧ್ಯೆ ಒಂದೂವರೆ ದೋಣಿ ಉದ್ದದಷ್ಟು ಅಂತರ, ಫಿರಂಗಿ ಹೊಡೆದ ತಕ್ಷಣ ಎಲ್ಲರೂ ಮುಂದಿನವರನ್ನ ಅಟ್ಟಿಸ್ಕೊಂಡು ಹೋಗಿ ಮುಟ್ಟೋದು. ಮುಟ್ಟಿದ್ರೆ ಮಾರನೇ ದಿನ ಅವರ ಜಾಗ ಇವರಿಗೆ. ಕುಂಟೆಬಿಲ್ಲೆಗಿಂತ ಸುಲಭ. ದೋಣಿ ಮೂತಿಗೆ ರಬ್ಬರ್ ಚೆಂಡು ಇರತ್ತೆ, ಯಾರ ಬೆನ್ನಿಗೂ ಚುಚ್ಚಬಾರದು ಅಂತ. ಕೇಂಬ್ರಿಡ್ಜ್‌ನ ಮೇ ಬಂಪ್ಸ್ ನಡೆಯೋದು ಜೂನ್‌ನಲ್ಲಿ, ಯಾಕೆ ಅಂತ ಕೇಳಿದ್ರೆ ಅಲ್ಲಿನವರು ಹಿಂದೆ ಮೇನಲ್ಲಿ ನಡೀತಿತ್ತು ಅಂತಾರೆ, ಹೆಸರು ಬದಲಾಯಿಸೋ ಯೋಚನೆ ಯಾರಿಗೂ ಇಲ್ಲ.

ಪ್ರಶ್ನೆ: ಲಂಡನ್ ಬಾಡಿಗೆ ಕಟ್ಟೋಕಾಗದೆ ಒಂದೂವರೆ ವರ್ಷದಿಂದ ಪೂರ್ವ ಲಂಡನ್‌ನ ಲೀ ನದೀಲಿ ದೋಣಿ ಮನೇಲಿದೀನಿ, ಸಾಫ್ಟ್‌ವೇರ್ ಕೆಲಸ. ರೋಯಿಂಗ್‌ನವರ ಹುಟ್ಟು ಮುಂಜಾನೆ ನನ್ನ ತಲೆ ಪಕ್ಕದ ಗೋಡೆಗೇ ಬಡಿಯತ್ತೆ. ನದಿ ಅವರಪ್ಪಂದಾ?
— ನಿದ್ದೆಗೆಟ್ಟವ, ಲಂಡನ್

ಉತ್ತರ: ನದಿ ನಿಮ್ಮಪ್ಪಂದೂ ಅಲ್ಲ, ಅದೇ ತಾಪತ್ರಯ. ಈ ಜಗಳ ಹೊಸದಲ್ಲ. 2021ರಲ್ಲಿ ಕಾಲುವೆ ಸಂಸ್ಥೆ ಕೆಳ ಲೀ ನದೀಲಿ ಕೆಲವು ಕಡೆ ನೀರಿನ ಸುರಕ್ಷತಾ ವಲಯ ಅಂತ ಮಾಡಿ ದೋಣಿ ಕಟ್ಟೋದನ್ನ ಕಮ್ಮಿ ಮಾಡೋಕೆ ಹೊರಟಾಗ ದೋಣಿವಾಸಿಗಳು ಪ್ರತಿಭಟನೆ ಮಾಡಿದ್ರು. ಅವರ ಮಾತಲ್ಲೂ ಸತ್ಯ ಇತ್ತು, ಬಾಡಿಗೆ ಕಟ್ಟೋಕಾಗದವರು ಎಲ್ಲಿಗೆ ಹೋಗಬೇಕು. ರೋಯಿಂಗ್‌ನವರ ಮಾತಲ್ಲೂ ಇತ್ತು, ಎರಡೆರಡು ದೋಣಿ ಜೋಡಿಸಿ ಕಟ್ಟಿದ್ರೆ ನದೀಲಿ ಉಳಿಯೋದು ಒಂದು ಗಲ್ಲಿ. ನನಗೆ ಮನೆಯೇ ದೊಡ್ಡದು ಅನಿಸತ್ತೆ, ಕ್ರೀಡೆ ಆಮೇಲೆ. ಆದ್ರೆ ನಾನು ನ್ಯಾರೋಬೋಟ್‌ನವನು, ನನ್ನ ತೀರ್ಪು ಪಕ್ಷಪಾತ ಅಂತ ತಗೊಳ್ಳಿ.

ದೋಣಿ ಕಟ್ಟೋಕೆ ಸ್ವಂತ ತಾಣ ಇಲ್ಲದ ಲೈಸೆನ್ಸ್ ಆದ್ರೆ ನೀವು ಹೇಗಿದ್ರೂ 14 ದಿನಕ್ಕೊಮ್ಮೆ ಜಾಗ ಬದಲಾಯಿಸಲೇಬೇಕಲ್ಲ, ಮುಂದಿನ ಸಲ ಜಾಗ ಹುಡುಕುವಾಗ ತಿರುವಿನ ಒಳಬದಿ ಬಿಡಿ, ಸೇತುವೆ ಪಕ್ಕ ಬಿಡಿ, ಇನ್ನೊಂದು ದೋಣಿಗೆ ಜೋಡಿಸಿ ಹೊರಗಡೆ ಕಟ್ಟಬೇಡಿ. ಉದ್ದ ನೇರ ಇರೋ ಕಡೆ, ದಡಕ್ಕೆ ಬಿಗಿಯಾಗಿ. ಹಗ್ಗ ಸಡಿಲ ಇದ್ರೆ ದೋಣಿ ನಡುನೀರಿಗೆ ತೇಲಿ ಬರತ್ತೆ, ಆಗ ಹುಟ್ಟು ಬಡಿಯೋದು ಗ್ಯಾರಂಟಿ. ನದಿ ಕಡೆ ಸೈಕಲ್ಲು, ಹಲಗೆ, ಹೂಕುಂಡ ಏನೂ ಚಾಚಬೇಡಿ. ಮಲಗೋ ಹಾಸಿಗೆ ದಡದ ಕಡೆಗೆ ಬರೋ ಹಾಗೆ ದೋಣೀನೇ ತಿರುಗಿಸಿ ಕಟ್ಟಿದವರು ನನಗೆ ಗೊತ್ತು, ಅವರೀಗ ಗೊರಕೆ ಹೊಡೀತಾರೆ. ಅಷ್ಟಾಗಿಯೂ ದಿನಾ ಬಡಿದ್ರೆ, ಕೂಗಾಡಬೇಡಿ, ಹೊತ್ತು ತಾರೀಕು ಬರೆದಿಟ್ಟು ಕ್ಲಬ್ಬಿಗೆ ಪತ್ರ ಹಾಕಿ. ಕ್ಲಬ್ಬುಗಳಲ್ಲಿ ಸುರಕ್ಷತೆ ನೋಡ್ಕೊಳ್ಳೋಕೆ ಅಂತಲೇ ಒಬ್ಬರು ಇರ್ತಾರೆ.

ಪ್ರಶ್ನೆ: ರೋಯಿಂಗ್ ಬೋಟ್ ನಮ್ಮ ಬಾಡಿಗೆ ದೋಣಿಗೆ ತಾಗಿ ಏನಾದ್ರೂ ಆದ್ರೆ ದುಡ್ಡು ಯಾರು ಕೊಡಬೇಕು?
— ತುಮಕೂರು

ಉತ್ತರ: ದುಡ್ಡು ಆಮೇಲೆ. ಮೊದ್ಲು ಇಂಜಿನ್ ನ್ಯೂಟ್ರಲ್, ನೀರಲ್ಲಿ ಬಿದ್ದವರ ಹತ್ತಿರ ರೆಕ್ಕೆ ತಿರುಗಬಾರದು. ಎಲ್ಲರೂ ತಮ್ಮ ದೋಣಿ ಹಿಡ್ಕೊಂಡಿದಾರಾ ಎಣಿಸಿ, ಉಂಗುರದ ಟ್ಯೂಬ್ ಎಸೀರಿ, ಚಳಿಗಾಲ ಆದ್ರೆ ನಿಮ್ಮ ದೋಣಿಗೆ ಹತ್ತಿಸ್ಕೊಂಡು ಕಂಬಳಿ ಕೊಡಿ, ಒಳಗೆ ಒಲೆ ಇದ್ದೇ ಇರತ್ತೆ.

ಆಮೇಲೆ ಬಾಡಿಗೆಯವರಿಗೆ ಅವತ್ತೇ ಫೋನ್ ಮಾಡಿ, ಅವರ ಇನ್ಶೂರೆನ್ಸ್‌ನವರು ಆ ಕಡೆಯ ಇನ್ಶೂರೆನ್ಸ್‌ನವರ ಹತ್ರ ಮಾತಾಡ್ಕೋತಾರೆ, ‘ತಪ್ಪು ನಂದೇ’ ಅಂತ ನೀವೇ ಮೊದ್ಲು ಬರೆದು ಕೊಡಬೇಡಿ. ಜಾಗ, ಹೊತ್ತು ಬರ್ಕೊಳ್ಳಿ. ಯಾವ ಕ್ಲಬ್ ಅಂತ ಕೇಳೋಕೆ ಮರೆತ್ರೆ ಹುಟ್ಟಿನ ಅಗಲ ತುದಿಯ ಫೋಟೋ ತೆಗೆದಿಟ್ಕೊಳ್ಳಿ, ಒಂದೊಂದು ಕ್ಲಬ್ಬಿಗೂ ಅದಕ್ಕೆ ಬಳಿಯೋ ಬಣ್ಣ ಬೇರೆ ಬೇರೆ, ಅದನ್ನ ನೋಡಿ ಯಾರ ದೋಣಿ ಅಂತ ಲಾಕ್ ಕೀಪರ್ ಹೇಳಬಹುದು.